ಸೀಸಾ ಹಲಗೆಯ ಮುಂದೆ ನಿಂತುಬಿಡುವ ಚುಕ್ಕಿ: ಹಠವೋ, ಹೆದರಿಕೆಯೋ, ನೋವೋ?

ಪ್ರಶ್ನೆ: ನಾನು ಮೈಸೂರಿನವಳು. ನಮ್ಮ ಚುಕ್ಕಿಗೆ ಈಗ ಎರಡು ವರ್ಷ. ಬೀದಿಯಲ್ಲಿ ಸಿಕ್ಕ ಮರಿ, ನಾಟಿ ನಾಯಿ. ಭುಜದವರೆಗೆ 46 ಸೆಂ.ಮೀ. ಎತ್ತರ, 17 ಕೆ.ಜಿ. ತೂಕ, ಸಂತಾನಹರಣ ಆಪರೇಷನ್ ಆಗಿದೆ. ಏಳು ತಿಂಗಳಿದ್ದಾಗಿನಿಂದ ಟೆರೇಸ್ ಮೇಲೆ ಪಿವಿಸಿ ಪೈಪಿನ ಜಂಪ್ ಹಾಕಿ ಅಜಿಲಿಟಿ (ನಾಯಿ ಅಡ್ಡಿಗಳನ್ನು ದಾಟುತ್ತಾ ಓಡುವ ಆಟ) ಕಲಿಸುತ್ತಿದ್ದೇನೆ. ಈಗ 60 ಸೆಂ.ಮೀ. ಹಾರಿಸುತ್ತೇವೆ. ಟನಲ್, ವೀವ್ ಪೋಲ್ಸ್ (ಸಾಲು ಕಂಬಗಳ ನಡುವೆ ಹಾವಿನಂತೆ ನುಸುಳುವುದು) ಎಲ್ಲ ಖುಷಿಯಿಂದ ಮಾಡುತ್ತಿದ್ದಳು. ಮೂರು ತಿಂಗಳ ಹಿಂದೆ ಟ್ರೇನಿಂಗ್ ಮೈದಾನದಲ್ಲಿ ಸೀಸಾ ಹಲಗೆ (ಮಕ್ಕಳ ಪಾರ್ಕಿನಲ್ಲಿರುವಂಥ ಏರಿಳಿಯುವ ಹಲಗೆ) ಧಡ್ ಎಂದು ಬಿದ್ದಾಗ ಬೆದರಿ ಪಕ್ಕಕ್ಕೆ ಹಾರಿಬಿಟ್ಟಳು. ಅಂದಿನಿಂದ ಸೀಸಾ ಹತ್ತುವುದೇ ಇಲ್ಲ. ಈಗ ಡಾಗ್‌ವಾಕ್ (ಅಲುಗಾಡದ ಹಲಗೆಗಳ ಎತ್ತರದ ಸೇತುವೆ) ಮುಂದೆಯೂ ನಿಂತುಬಿಡುತ್ತಾಳೆ. ಮೊದಲು ಜಂಪ್‌ನ ಬಾರ್ (ಅಡ್ಡಕೋಲು) ಬೀಳಿಸುತ್ತಿರಲಿಲ್ಲ, ಈಗ ಬೀಳಿಸುತ್ತಾಳೆ. ಹೋದ ತಿಂಗಳು ಮೊದಲ ಸ್ಪರ್ಧೆಗೆ ಕರೆದುಕೊಂಡು ಹೋದರೆ ನೆಲ ಮೂಸುತ್ತಾ ರಿಂಗ್‌ನಿಂದ ಹೊರಗೇ ಹೋದಳು. ಟ್ರೇನರ್ ‘ಇದು ಹಠ, ಚೋಕ್ ಚೈನ್ (ಎಳೆದರೆ ಕುತ್ತಿಗೆಗೆ ಬಿಗಿಯುವ ಸರಪಳಿ) ಹಾಕಿ ನಾಲ್ಕು ಸಲ ಎಳೆದು ದಾಟಿಸಿದರೆ ಸರಿಹೋಗುತ್ತೆ’ ಅನ್ನುತ್ತಾರೆ. ಕ್ಲಾಸಿಗೆ ಬರುವ ಇನ್ನೊಬ್ಬರು ‘ನಾಟಿ ನಾಯಿಗೆ ಇದೆಲ್ಲ ಆಗಲ್ಲ, ಬಾರ್ಡರ್ ಕೋಲಿ ತಗೊಳ್ಳಿ’ ಅಂದರು. ಚಿಕ್ಕಂದಿನಲ್ಲೇ ಹಾರಿಸಿ ಮೂಳೆ ಹಾಳುಮಾಡಿದೆ ಎಂದು ಮನೆಯಲ್ಲಿ ಬೈಗುಳ. ಎರಡು ತಿಂಗಳಲ್ಲಿ ಇನ್ನೊಂದು ಸ್ಪರ್ಧೆ ಇದೆ. ಏನು ಮಾಡಲಿ? ವಿಡಿಯೊಗಳನ್ನೂ ಕಳಿಸಿದ್ದೇನೆ.

ಉತ್ತರ: ವಿಡಿಯೊಗಳನ್ನು ಕಳಿಸಿ ಒಳ್ಳೆಯ ಕೆಲಸ ಮಾಡಿದಿರಿ. ಪತ್ರ ಓದಿದಾಗ ಇದು ಬರೀ ಹೆದರಿಕೆಯ ವಿಷಯ ಅನ್ನಿಸಿತ್ತು. ವಿಡಿಯೊ ನೋಡಿದ ಮೇಲೆ ಅಷ್ಟೇ ಅಲ್ಲ ಎಂದು ಅನುಮಾನ ಬಂದಿದೆ. ಸೀಸಾ ಹತ್ತದಿರುವುದು, ಬಾರ್ ಬೀಳಿಸುವುದು, ಸ್ಪರ್ಧೆಯಲ್ಲಿ ಕೈಬಿಟ್ಟು ಹೋಗುವುದು, ಈ ಮೂರನ್ನೂ ನಿಮ್ಮ ಟ್ರೇನರ್ ‘ಹಠ’ ಎಂಬ ಒಂದೇ ಮಾತಿನಲ್ಲಿ ಕಟ್ಟಿಹಾಕಿದ್ದಾರೆ. ನನ್ನ ಪ್ರಕಾರ ಮೂರಕ್ಕೂ ಕಾರಣ ಬೇರೆ ಬೇರೆ. ಅವನ್ನು ಬಿಡಿಸುವುದಕ್ಕೂ ಒಂದು ಕ್ರಮವಿದೆ: ಮೊದಲು ಮೈ, ಆಮೇಲೆ ಭಯ, ಕೊನೆಗೆ ತರಬೇತಿ. ಈ ಕ್ರಮ ತಪ್ಪಿದರೆ ನೋವಿರುವ ನಾಯಿಗೆ ಪಾಠ ಹೇಳುತ್ತಾ ತಿಂಗಳುಗಟ್ಟಲೆ ಕಳೆದುಹೋಗುತ್ತದೆ.

ಹಾಗಾಗಿ ಸೀಸಾಗಿಂತ ಮುಂಚೆ ಬಾರ್ ಬೀಳುವ ವಿಷಯಕ್ಕೆ ಬರುತ್ತೇನೆ. ಪತ್ರದಲ್ಲಿ ನೀವು ಅದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನ್ನ ಗಮನ ಮೊದಲು ಹೋದದ್ದೇ ಅಲ್ಲಿಗೆ.

ಟೆರೇಸ್ ಮೇಲಿನ ಎರಡನೇ ವಿಡಿಯೊವನ್ನು ನಿಧಾನಗತಿಯಲ್ಲಿ ಹಾಕಿ ನೋಡಿ. ಓಡುವ ಮುನ್ನ ಚುಕ್ಕಿಯನ್ನು ಕೂರಿಸುತ್ತೀರಲ್ಲ, ಅಲ್ಲಿ ಅವಳು ನೆಟ್ಟಗೆ ಕೂರುವುದಿಲ್ಲ. ಬಲಗಡೆಯ ಹಿಂಗಾಲನ್ನು ಹೊರಕ್ಕೆ ಚಾಚಿ, ಸೊಂಟವನ್ನು ಎಡಕ್ಕೆ ವಾಲಿಸಿ ಕೂರುತ್ತಾಳೆ. ಎದ್ದು ಓಡುವಾಗ ಮೊದಲ ಎರಡು ಹೆಜ್ಜೆ ಹಿಂಗಾಲುಗಳೆರಡನ್ನೂ ಜೋಡಿಸಿ ಮೊಲದ ಹಾಗೆ ಇಡುತ್ತಾಳೆ. ಜಂಪ್ ಹತ್ತಿರ ಬಂದಾಗ ಒಂದು ಹೆಜ್ಜೆ ಹೆಚ್ಚು ತೆಗೆದುಕೊಂಡು, ಬಾರ್‌ಗೆ ತೀರಾ ಸಮೀಪದಿಂದ ಮೇಲೇಳುತ್ತಾಳೆ. ಬಾರ್‌ಗೆ ತಗಲುವುದು ಹಿಂಗಾಲು, ಅದೂ ಹೆಚ್ಚಾಗಿ ಬಲಗಾಲು. ಆರು ತಿಂಗಳ ಹಿಂದಿನ ಹಳೆಯ ವಿಡಿಯೊದಲ್ಲಿ ಇದ್ಯಾವುದೂ ಇಲ್ಲ.

ಸೀಸಾದಿಂದ ಪಕ್ಕಕ್ಕೆ ಹಾರಿದ ದಿನ ಅವಳಿಗೆ ಏಟಾಗಿರುವ ಸಾಧ್ಯತೆ ನಿಜಕ್ಕೂ ಇದೆ. ಜಾರುತ್ತಾ ಪಕ್ಕಕ್ಕೆ ನೆಗೆದ ನಾಯಿಗಳಲ್ಲಿ ಬೆನ್ನಿನ ಕೆಳಭಾಗದಿಂದ ತೊಡೆಗೆ ಬರುವ ಇಲಿಯೊಸೊವಾಸ್ ಎಂಬ ಸ್ನಾಯು ಉಳುಕುವುದನ್ನು ನಾವು ಆಗಾಗ ನೋಡುತ್ತೇವೆ. ಮೊಣಕಾಲಿನ ಕ್ರೂಶಿಯೇಟ್ ಲಿಗಮೆಂಟ್ ಅರ್ಧ ಹರಿದಿದ್ದರೂ ನಾಯಿ ಹೀಗೇ ಕಾಲು ಚಾಚಿ ಕೂರುತ್ತದೆ. ಎರಡರಲ್ಲೂ ಎದ್ದು ಕಾಣುವ ಕುಂಟು ಇರಲೇಬೇಕೆಂದಿಲ್ಲ. ನಾಯಿ ನೋವನ್ನು ಬಾಯಿಬಿಟ್ಟು ಕೂಗುವುದು ಅಪರೂಪ. ಸುಮ್ಮನೆ ತನ್ನ ನಡಿಗೆ ಬದಲಿಸಿಕೊಳ್ಳುತ್ತದೆ. ಕಾರಿಗೆ ಒಂದೇ ನೆಗೆತಕ್ಕೆ ಹತ್ತುತ್ತಿದ್ದದ್ದು ಮುಂಗಾಲಿಟ್ಟು ನಿಮ್ಮ ಮುಖ ನೋಡುವುದು, ಮೆಟ್ಟಿಲು ಇಳಿಯುವಾಗ ಓರೆಯಾಗುವುದು, ಒಂದೇ ಜಾಗವನ್ನು ನೆಕ್ಕುತ್ತಿರುವುದು, ಮಲಗಿ ಎದ್ದ ಮೇಲೆ ಸ್ವಲ್ಪ ಹೊತ್ತು ಬಿಗಿಯಾಗಿ ನಡೆಯುವುದು, ಇಂಥವನ್ನು ಒಂದು ವಾರ ಗಮನಿಸಿ ಬರೆದಿಡಿ.

ವಿಡಿಯೊ ನೋಡಿ ರೋಗ ನಿರ್ಣಯ ಮಾಡಲು ಆಗುವುದಿಲ್ಲ. ಅಷ್ಟನ್ನು ಸ್ಪಷ್ಟವಾಗಿ ಹೇಳಿ, ಈ ವಾರವೇ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ ಎನ್ನುತ್ತೇನೆ. ‘ಚೆಕಪ್ ಮಾಡಿ’ ಎಂದಷ್ಟೇ ಹೇಳಬೇಡಿ. ಅಜಿಲಿಟಿ ಮಾಡುವ ನಾಯಿ, ಮೂರು ತಿಂಗಳ ಹಿಂದೆ ಸೀಸಾದಿಂದ ಪಕ್ಕಕ್ಕೆ ಹಾರಿದೆ, ಬಲ ಹಿಂಗಾಲಿನ ಬಗ್ಗೆ ಅನುಮಾನವಿದೆ ಎಂದು ಬಿಡಿಸಿ ಹೇಳಿ, ಎರಡೂ ವಿಡಿಯೊ ತೋರಿಸಿ. ಆಸ್ಪತ್ರೆಯ ಟೇಬಲ್ ಮೇಲೆ ಎಷ್ಟೋ ನಾಯಿಗಳು ಗಾಬರಿಯಲ್ಲಿ ನೋವನ್ನು ಮರೆಸಿಬಿಡುತ್ತವೆ. ಆದ್ದರಿಂದ ಹೊರಗೆ ಗಟ್ಟಿ ನೆಲದ ಮೇಲೆ ಚುಕ್ಕಿಯನ್ನು ನಡೆಸಿ, ಸಣ್ಣ ಓಟ ಓಡಿಸಿ ನೋಡಲು ಕೇಳಿಕೊಳ್ಳಿ. ಭುಜ, ಸೊಂಟ, ಮೊಣಕಾಲು, ಕಾಲ್ಬೆರಳು ಎಲ್ಲವನ್ನೂ ಮುಟ್ಟಿ ನೋಡಬೇಕು. ಅಜಿಲಿಟಿ ನಾಯಿಗಳಲ್ಲಿ ಹೆಚ್ಚಾಗಿ ಪೆಟ್ಟು ಬೀಳುವುದು ಭುಜ ಮತ್ತು ಬೆರಳುಗಳಿಗೆ. ಹಾಗೆಯೇ ಉಗುರು. ವಿಡಿಯೊದಲ್ಲಿ ಚುಕ್ಕಿಯ ಉಗುರು ಟೆರೇಸ್ ನೆಲಕ್ಕೆ ಟಿಕ್ ಟಿಕ್ ಎಂದು ತಾಗುವ ಸದ್ದು ಕೇಳಿಸುತ್ತಿದೆ. ಅಷ್ಟು ಉದ್ದ ಬಿಡಬಾರದು.

ಜತೆಗೆ ರಕ್ತ ಪರೀಕ್ಷೆಯನ್ನೂ ಮಾಡಿಸಿ. ನಮ್ಮ ಕಡೆ ನಾಯಿಗಳಿಗೆ ಉಣ್ಣೆ ಹುಳದಿಂದ ಬರುವ ಎರ್ಲಿಕಿಯಾ, ಬಬೀಸಿಯಾ ಜ್ವರಗಳು ಬಹಳ ಸಾಮಾನ್ಯ. ಇವು ಯಾವಾಗಲೂ ಮಲಗಿಸಿಬಿಡುವ ಜ್ವರವಾಗಿಯೇ ಬರುವುದಿಲ್ಲ. ಎರ್ಲಿಕಿಯಾ ಒಳಗೊಳಗೇ ತಿಂಗಳುಗಟ್ಟಲೆ ಉಳಿದು, ಪ್ಲೇಟ್‌ಲೆಟ್ ಇಳಿಸಿ, ಕೀಲು ನೋವು ತಂದು, ಓಡಾಡುತ್ತಿದ್ದ ನಾಯಿಯನ್ನು ಸುಸ್ತು ಹೊಡೆಸುತ್ತದೆ. ‘ಈಚೆಗೆ ಮನಸ್ಸಿಟ್ಟು ಓಡಲ್ಲ’ ಎಂದು ನನ್ನ ಹತ್ತಿರ ತಂದ ನಾಯಿಗಳಲ್ಲಿ ಕೆಲವಕ್ಕೆ ಬೇಕಾಗಿದ್ದದ್ದು ಈ ಜ್ವರದ ಚಿಕಿತ್ಸೆ, ಟ್ರೇನಿಂಗ್ ಅಲ್ಲ.

ವೈದ್ಯರು ಸ್ನಾಯು ಉಳುಕಿದೆ ಎಂದರೆ ವಾರಗಟ್ಟಲೆ ವಿಶ್ರಾಂತಿ ಬೇಕಾದೀತು. ವಿಶ್ರಾಂತಿ ಎಂದರೆ ಚೈನ್ ಹಾಕಿ ನಿಧಾನವಾಗಿ ನಡೆಸುವುದು ಮಾತ್ರ. ಸೋಫಾ ಹತ್ತಿ ಇಳಿಯುವುದು, ಟೈಲ್ಸ್ ಮೇಲೆ ಚೆಂಡಿನ ಹಿಂದೆ ಓಡುವುದು ಎಲ್ಲ ನಿಲ್ಲಬೇಕು. ಒಂದು ಎಚ್ಚರಿಕೆ: ಮನೆಯಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳನ್ನು ಯಾವ ಕಾರಣಕ್ಕೂ ಕೊಡಬೇಡಿ. ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಸ್ರಾವವಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಪ್ಯಾರಾಸಿಟಮಾಲ್ ಕೂಡ ನಿಮ್ಮ ಲೆಕ್ಕದಲ್ಲಿ ಬೇಡ. ನಾಯಿಗೆಂದೇ ಇರುವ ನೋವಿನ ಔಷಧಿಗಳಿವೆ, ಅವನ್ನು ವೈದ್ಯರೇ ಬರೆದುಕೊಡಲಿ.

ಈಗ ಮನೆಯವರ ಬೈಗುಳದ ವಿಷಯ. ಏಳು ತಿಂಗಳಿಗೇ ಜಂಪ್ ಹಾರಿಸಿದ್ದು ತಪ್ಪೇ? ಒಳ್ಳೆಯದಂತೂ ಅಲ್ಲ. ಆದರೆ ‘ಮೂಳೆ ಹಾಳಾಯಿತು’ ಎಂಬ ತೀರ್ಪಿಗೆ ಆಧಾರವಿಲ್ಲ. ಮರಿಯ ಉದ್ದ ಮೂಳೆಗಳ ತುದಿಯಲ್ಲಿ ಗ್ರೋತ್ ಪ್ಲೇಟ್ ಎಂಬ ಮೃದುವಾದ ಭಾಗವಿರುತ್ತದೆ. ಮೂಳೆ ಬೆಳೆಯುವುದು ಅಲ್ಲಿಂದ. ಚುಕ್ಕಿಯಂಥ ಮಧ್ಯಮ ಗಾತ್ರದ ನಾಯಿಗಳಲ್ಲಿ ಬಹುಪಾಲು ಪ್ಲೇಟ್‌ಗಳು ಒಂದು ವರ್ಷದ ಹೊತ್ತಿಗೆ ಮುಚ್ಚಿಕೊಳ್ಳುತ್ತವೆ. ಗ್ರೇಟ್ ಡೇನ್‌ನಂಥ ದೊಡ್ಡ ತಳಿಗಳಲ್ಲಿ ಒಂದೂವರೆ ವರ್ಷವಾದರೂ ಆಗಬಹುದು. ಎಳೆಯ ವಯಸ್ಸಿನಲ್ಲೇ ಸಂತಾನಹರಣ ಮಾಡಿಸಿದರೆ ಇನ್ನೂ ತಡ. ಅದಕ್ಕೇ ಅಂತರರಾಷ್ಟ್ರೀಯ ಶ್ವಾನ ಒಕ್ಕೂಟವಾದ ಎಫ್‌ಸಿಐ ಸ್ಪರ್ಧೆಗಳಲ್ಲಿ 18 ತಿಂಗಳು ತುಂಬದ ನಾಯಿಗೆ ಪ್ರವೇಶವಿಲ್ಲ. ಆ ಪ್ಲೇಟ್‌ಗೆ ದೊಡ್ಡ ಏಟು ಬಿದ್ದಿದ್ದರೆ ಆಗಲೇ ಕುಂಟುತ್ತಿದ್ದಳು, ಕಾಲು ಸೊಟ್ಟಗೆ ಬೆಳೆಯುತ್ತಿತ್ತು. ನಿಮ್ಮ ಚುಕ್ಕಿಯ ಕಾಲುಗಳು ನೇರವಾಗಿವೆ. ಆ ಅಪರಾಧಿ ಭಾವ ಬಿಡಿ.

ನನಗೆ ಚಿಂತೆ ಹತ್ತಿಸಿದ್ದು ಹಳೆಯ ಜಂಪ್ ಅಲ್ಲ, ಇವತ್ತಿನ 60 ಸೆಂ.ಮೀ. ಇದನ್ನು ನಿಗದಿ ಮಾಡಿದವರು ಯಾರು? ಎಫ್‌ಸಿಐ ನಿಯಮದಲ್ಲಿ 2023ರಿಂದ ನಾಲ್ಕು ಗಾತ್ರದ ವಿಭಾಗಗಳಿವೆ. 43 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚು, 48 ಸೆಂ.ಮೀ.ಗಿಂತ ಕಡಿಮೆ ಎತ್ತರದ ನಾಯಿ ‘ಇಂಟರ್ಮೀಡಿಯೇಟ್’ ವಿಭಾಗಕ್ಕೆ ಸೇರುತ್ತದೆ. ಅದಕ್ಕೆ ಜಂಪ್ ಎತ್ತರ 45ರಿಂದ 50 ಸೆಂ.ಮೀ. ಹೊಸ ವಿಭಾಗವನ್ನು ತಂದದ್ದೇ ಚುಕ್ಕಿಯ ಅಳತೆಯ ನಾಯಿಗಳು ದೊಡ್ಡ ನಾಯಿಗಳ ಜತೆ 60 ಹಾರಬೇಕಾಗುತ್ತಿತ್ತು ಎಂಬ ಕಾರಣಕ್ಕೆ. ತನ್ನ ಭುಜಕ್ಕಿಂತ 14 ಸೆಂ.ಮೀ. ಎತ್ತರವನ್ನು, ಅದೂ ಸಿಮೆಂಟ್ ಟೆರೇಸ್ ಮೇಲೆ, ದಿನಾ ಹಾರಿ ಇಳಿಯುವುದು ಯಾವ ನಾಯಿಗೂ ಬೇಡ. ಇಳಿಯುವಾಗ ಮೈಭಾರವೆಲ್ಲ ಮುಂಗಾಲು, ಮಣಿಕಟ್ಟು, ಭುಜದ ಮೇಲೆ ಬೀಳುತ್ತದೆ. ಟೆರೇಸ್‌ನಲ್ಲಿ ಇನ್ನು ಮುಂದೆ ಬಾರ್ ನೆಲದ ಮೇಲೇ ಇರಲಿ. ತಿರುವು, ದಾರಿ, ನಿಮ್ಮ ಕೈಸನ್ನೆ ಕಲಿಸಲು ಎತ್ತರ ಬೇಕಾಗಿಲ್ಲ. ಎತ್ತರದ ಜಂಪ್ ಹುಲ್ಲಿನ ಅಥವಾ ಮೆತ್ತನೆಯ ಮಣ್ಣಿನ ನೆಲದಲ್ಲಿ ಮಾತ್ರ, ವಾರಕ್ಕೆ ಒಂದೆರಡು ದಿನ ಸಾಕು. ಬಾರ್‌ಗೆ ಕಾಲು ತಾಗಿದರೆ ಅದು ಸಲೀಸಾಗಿ ಕಳಚಿ ಬೀಳಬೇಕು. ಮನೆಯಲ್ಲಿ ಮಾಡಿದ ಜಂಪ್‌ಗಳಲ್ಲಿ ಪೈಪನ್ನು ಎಲ್ಬೋ ಹಾಕಿ ಬಿಗಿದಿರುವುದನ್ನು ನೋಡಿದ್ದೇನೆ, ನಿಮ್ಮದನ್ನೂ ಒಮ್ಮೆ ಪರೀಕ್ಷಿಸಿ.

ತೂಕವನ್ನು ಅಂಗೈಯಲ್ಲಿ ನೋಡಿ. ಪಕ್ಕೆಯ ಮೇಲೆ ಕೈಯಾಡಿಸಿದರೆ ಒತ್ತದೆಯೇ ಎಲುಬುಗಳು ಸಿಗಬೇಕು. ವಿಡಿಯೊದಲ್ಲಿ ಮೇಲಿನಿಂದ ನೋಡಿದಾಗ ಚುಕ್ಕಿಯ ಸೊಂಟ ಒಳಸರಿದಂತೆ ಕಾಣಲಿಲ್ಲ. ಆಪರೇಷನ್ ಆದ ನಾಯಿಗಳು ಬೇಗ ಮೈ ತುಂಬಿಕೊಳ್ಳುತ್ತವೆ. ಒಂದೂವರೆ ಕೆ.ಜಿ. ಇಳಿದರೂ ಕೀಲಿಗೆ ಹಗುರ. ದಿನದ ಊಟದಿಂದಲೇ ಟ್ರೀಟ್‌ನ ಪಾಲನ್ನು ಕಳೆಯಿರಿ.

ಇನ್ನು ಸೀಸಾ. ಉಳಿದ ಅಡ್ಡಿಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ: ಇದು ಕಾಲಡಿಯಲ್ಲಿ ಅಲುಗಾಡುತ್ತದೆ. 3.6ರಿಂದ 3.8 ಮೀಟರ್ ಉದ್ದದ ಹಲಗೆ, ನಡುವಿನ ಆಧಾರ 60 ಸೆಂ.ಮೀ. ಎತ್ತರದಲ್ಲಿ. ನಾಯಿ ನಡು ದಾಟಿದ ಕೂಡಲೇ ನೆಲ ಕುಸಿಯುತ್ತದೆ, ಸದ್ದಾಗುತ್ತದೆ, ಬಡಿದ ಪೆಟ್ಟು ಕಾಲಿಗೆ ತಿಳಿಯುತ್ತದೆ. ಪೂರ್ತಿ ನಿಲ್ಲದ ಬಸ್ಸಿನಿಂದ ಇಳಿಯಲು ಹೋಗಿ ರಸ್ತೆಗೆ ಕಾಲಿಟ್ಟಾಗ ಎದೆ ಧಸಕ್ಕೆನ್ನುತ್ತದಲ್ಲ, ಏನೂ ಗೊತ್ತಿಲ್ಲದ ನಾಯಿಗೆ ಆಗುವುದೂ ಅದೇ. ಹೀಗೆ ಬೆದರಿದ ನಾಯಿ ಆ ಪಾಠವನ್ನು ಒಂದೇ ಸಲಕ್ಕೆ ಕಲಿಯುತ್ತದೆ. ಖುಷಿಯ ಪಾಠಕ್ಕೆ ಹತ್ತಾರು ಸಲ ಬೇಕು, ಭಯದ ಪಾಠಕ್ಕೆ ಒಂದೇ ಸಲ ಸಾಕು.

ಡಾಗ್‌ವಾಕ್ ಮುಂದೆ ಯಾಕೆ ನಿಲ್ಲುತ್ತಾಳೆ ಎಂಬುದಕ್ಕೂ ಉತ್ತರ ಇದರಲ್ಲೇ ಇದೆ. ಚುಕ್ಕಿಯ ಕಣ್ಣಿನ ಎತ್ತರಕ್ಕೆ ಬಗ್ಗಿ, ಹಲಗೆಯ ತುದಿಯಲ್ಲಿ ನಿಂತು ನೋಡಿ. ಅಲ್ಲಿಂದ ಡಾಗ್‌ವಾಕ್ ಕೂಡ ಮೇಲಕ್ಕೆ ಏರುವ, ಸುಮಾರು ಒಂದಡಿ ಅಗಲದ, ತುದಿಗೆ ಬೇರೆ ಬಣ್ಣ ಬಳಿದ ಒಂದು ಹಲಗೆ, ಅಷ್ಟೆ. ಇದು ಅಲುಗಾಡುವುದೋ ಇಲ್ಲವೋ ಅವಳಿಗೆ ಹೇಗೆ ಗೊತ್ತಾಗಬೇಕು? ಅನುಮಾನ ಬಂದಾಗ ಹತ್ತದೆ ನಿಲ್ಲುವುದು ಬುದ್ಧಿವಂತ ನಾಯಿಯ ಲಕ್ಷಣ.

ಮೈದಾನದ ವಿಡಿಯೊದಲ್ಲಿ ಟ್ರೇನರ್ ಚೈನ್ ಹಿಡಿದು ಮುಂದೆ ಎಳೆಯುವ ಭಾಗವನ್ನು ನಾನು ಹಲವು ಸಲ ನೋಡಿದೆ. ಚುಕ್ಕಿ ಮುಂಗಾಲುಗಳನ್ನು ಇಟ್ಟಿದ್ದಾಳೆ. ಚೈನ್ ಬಿಗಿಯಾದ ತಕ್ಷಣ ಕಿವಿ ಹಿಂದಕ್ಕೆ ಹೋಗುತ್ತದೆ, ಬಾಯಿ ಮುಚ್ಚುತ್ತದೆ, ಒಮ್ಮೆ ಮೂಗು ನೆಕ್ಕಿಕೊಳ್ಳುತ್ತಾಳೆ. ಆಮೇಲೆ ಮೈಭಾರವನ್ನೆಲ್ಲ ಹಿಂಗಾಲಿಗೆ ತಂದು ಬಗ್ಗುತ್ತಾಳೆ. ಅವಳು ಹಿಂದಕ್ಕೆ ವಾಲಿದಷ್ಟೂ ಹಲಗೆ ಅಡ್ಡಾದಿಡ್ಡಿ ಅಲುಗುತ್ತದೆ. ಅಂದರೆ ಎಳೆತದಿಂದಲೇ ಹಲಗೆ ಇನ್ನಷ್ಟು ಭಯಾನಕವಾಯಿತು. ಎಳೆದು ದಾಟಿಸುವುದರಲ್ಲಿ ಕ್ರೌರ್ಯವಿದೆ ಎಂಬುದು ಒಂದು ಮಾತು. ಅದಕ್ಕಿಂತ ನೇರವಾದ ಮಾತೆಂದರೆ, ಅದರಿಂದ ಕೆಲಸ ಆಗುವುದಿಲ್ಲ. ಅವತ್ತು ದಾಟಿಸಬಹುದು. ಸ್ಪರ್ಧೆಯ ರಿಂಗ್‌ನಲ್ಲಿ ಚೈನ್ ಇರುವುದಿಲ್ಲ, ನಾಯಿಯನ್ನು ಮುಟ್ಟುವಂತೆಯೂ ಇಲ್ಲ. ಅಲ್ಲಿ ಅವಳು ತಾನಾಗಿ ಹತ್ತಬೇಕು. ಎಳೆಸಿಕೊಂಡ ನಾಯಿ ತಾನಾಗಿ ಹತ್ತುವುದನ್ನು ಕಲಿತಿರುವುದಿಲ್ಲ; ಮೈದಾನದ ಗೇಟಿನಲ್ಲೇ ಕಾಲೂರಿ ನಿಲ್ಲುವುದನ್ನು ಕಲಿತಿರುತ್ತದೆ. ಚೋಕ್ ಚೈನ್ ಗಂಟಲಿನ ಕೊಳವೆಗೆ, ಕುತ್ತಿಗೆಗೆ ಮಾಡುವ ಹಾನಿ ಬೇರೆ.

ಭಯ ಬಿಡಿಸುವ ದಾರಿ ಎಂದರೆ ಸದ್ದು ಮತ್ತು ಅಲುಗಾಟವನ್ನು ಬಿಡಿಬಿಡಿಯಾಗಿ, ಚಿಕ್ಕದಾಗಿ, ಚುಕ್ಕಿಯ ಹಿಡಿತಕ್ಕೇ ಕೊಡುವುದು. ವೈದ್ಯರು ಸರಿ ಎಂದ ಮೇಲೆ ಮನೆಯಲ್ಲೇ ಶುರುಮಾಡಿ. ಎರಡೂವರೆ ಅಡಿ ಚೌಕದ ಒಂದು ಪ್ಲೈವುಡ್ ತುಂಡು, ಅದರ ಕೆಳಗೆ ನಡುವಿಗೆ ಸುತ್ತಿದ ಟವೆಲ್, ಅಂಚುಗಳಡಿ ಗೋಣಿಚೀಲ. ಹಲಗೆ ಒಂದಂಗುಲ ಅಲುಗಿದರೆ ಸಾಕು. ನೀವು ಕರೆಯಬೇಡಿ, ತಳ್ಳಬೇಡಿ, ತಿಂಡಿ ತೋರಿಸಿ ಸೆಳೆಯಲೂ ಬೇಡಿ. ಅವಳು ನೋಡಿದರೆ ಒಂದು ಚೂರು ಬೇಯಿಸಿದ ಕೋಳಿ. ಒಂದು ಕಾಲಿಟ್ಟರೆ ಇನ್ನೊಂದು ಚೂರು. ಒಂದು ಕಾಲಿಟ್ಟು ಹಲಗೆ ಅಲುಗಿಸಿದರೆ ಎರಡು ಮೂರು ಚೂರು ಒಟ್ಟಿಗೆ. ಮೂರ್ನಾಲ್ಕು ನಿಮಿಷಕ್ಕೆ ಮುಗಿಸಿ, ಇನ್ನೂ ಬೇಕು ಎನ್ನುವಾಗಲೇ ಹಲಗೆ ಎತ್ತಿಡಿ. ಕೆಲವು ದಿನ ಕಳೆದ ಮೇಲೆ ಒಂದೊಂದೇ ಗೋಣಿಚೀಲ ತೆಗೆಯುತ್ತಾ ಬನ್ನಿ, ಸದ್ದು ಸ್ವಲ್ಪ ಸ್ವಲ್ಪವಾಗಿ ಹೆಚ್ಚಲಿ. ನಾಯಿಯೇ ಹಲಗೆಗೆ ಕಾಲು ಬಡಿದು ಸದ್ದುಮಾಡಿ ನಿಮ್ಮ ಮುಖ ನೋಡುವ ಹಂತ ಬಂದಾಗ ಅರ್ಧ ಕೆಲಸ ಆಯಿತು ಎಂದು ತಿಳಿಯಿರಿ.

ಆಮೇಲೆ ನಿಜವಾದ ಸೀಸಾ. ಮೇಲೆದ್ದಿರುವ ತುದಿಯನ್ನು ಒಬ್ಬರು ಹಿಡಿದು ಚುಕ್ಕಿಯ ಎದೆಯ ಮಟ್ಟಕ್ಕಿಂತ ಕೆಳಕ್ಕೆ ತರಬೇಕು, ನೆಲದ ಮೇಲೆ ಹಳೆಯ ಹಾಸಿಗೆ ಇರಲಿ. ಅವಳು ಹತ್ತಿ ದಾಟಬೇಕಿಲ್ಲ. ತುದಿಯ ಮೇಲೆ ಮುಂಗಾಲಿಟ್ಟು ಹಲಗೆಯನ್ನು ನೆಲಕ್ಕೆ ಬಡಿದರೆ ಮುಗಿಯಿತು, ಬಹುಮಾನ ಅಲ್ಲೇ, ಹಲಗೆಯ ತುದಿಯಲ್ಲೇ ಸಿಗಬೇಕು. ಇದು ಆಟವಾದ ಮೇಲೆ ಎರಡೂ ತುದಿಗಳ ಕೆಳಗೆ ಗಟ್ಟಿಯಾದ ಬೆಂಚುಗಳನ್ನಿಟ್ಟು, ಹಲಗೆ ಕೆಲವೇ ಸೆಂ.ಮೀ. ಮಾತ್ರ ಇಳಿಯುವಂತೆ ಮಾಡಿ, ಒಂದು ಬೆಂಚಿನ ಮೇಲಿಂದ ಹಲಗೆಗೆ, ಅಲ್ಲಿಂದ ಇನ್ನೊಂದು ಬೆಂಚಿಗೆ ನಡೆಯಲಿ. ಬೆಂಚಿನ ಎತ್ತರವನ್ನು ವಾರಕ್ಕೆ ಒಂದು ಅಂಗುಲದಂತೆ ತಗ್ಗಿಸುತ್ತಾ ಹೋಗಿ. ಯಾವುದೇ ಹಂತದಲ್ಲಿ ತಿಂಡಿ ಬೇಡ ಎಂದು ಮುಖ ತಿರುಗಿಸಿದರೆ ನೀವು ಜೋರು ಹೋಗುತ್ತಿದ್ದೀರಿ ಎಂದರ್ಥ. ಹಿಂದಿನ ಹಂತಕ್ಕೆ ಬನ್ನಿ.

ನಿಮ್ಮ ಮೈದಾನದ ಸೀಸಾವನ್ನೂ ಪರೀಕ್ಷಿಸಿ. ನಮ್ಮಲ್ಲಿ ಹೆಚ್ಚಿನವು ವೆಲ್ಡಿಂಗ್ ಶಾಪ್‌ನಲ್ಲಿ ಅಂದಾಜಿನ ಮೇಲೆ ಮಾಡಿಸಿದವು. ನಿಯಮದ ಪ್ರಕಾರ ಇಳಿಯುವ ಕಡೆಯ ಬಣ್ಣದ ಭಾಗದ ಮಧ್ಯದಲ್ಲಿ ಒಂದು ಕೆ.ಜಿ. ತೂಕ ಇಟ್ಟರೆ ಹಲಗೆ ನೆಲ ಮುಟ್ಟಲು 2ರಿಂದ 3 ಸೆಕೆಂಡ್ ಹಿಡಿಯಬೇಕು. ಒಂದು ಪಾಕೆಟ್ ಸಕ್ಕರೆ ಇಟ್ಟು ನೋಡಿದರೆ ಗೊತ್ತಾಗುತ್ತದೆ. ವಿಡಿಯೊದಲ್ಲಿ ಅದು ಕಲ್ಲು ಬಿದ್ದ ಹಾಗೆ ಬೀಳುತ್ತಿದೆ, ಮೇಲ್ಮೈಯಲ್ಲಿ ರಬ್ಬರ್ ಹೊದಿಕೆಯೂ ಕಾಣಲಿಲ್ಲ. ಅದನ್ನು ಸರಿಪಡಿಸದೆ ಯಾವ ನಾಯಿಯನ್ನೂ ಅದರ ಮೇಲೆ ಹತ್ತಿಸಬಾರದು.

ಸ್ಪರ್ಧೆಯಲ್ಲಿ ನೆಲ ಮೂಸುತ್ತಾ ಹೊರಗೆ ಹೋದದ್ದಕ್ಕೆ ಹೆಚ್ಚು ಬೇಸರ ಮಾಡಿಕೊಳ್ಳಬೇಡಿ. ನಾಯಿ ಒಂದು ಜಾಗದಲ್ಲಿ ಕಲಿತದ್ದನ್ನು ಇನ್ನೊಂದು ಜಾಗಕ್ಕೆ ತಾನಾಗಿ ಒಯ್ಯುವುದಿಲ್ಲ. ಟೆರೇಸ್‌ನಲ್ಲಿ ಬರುವ ಪಾಠ ಪಾರ್ಕಿನಲ್ಲಿ ಹೊಸ ಪಾಠ, ಮೈಕು, ಜನ, ನೂರಾರು ನಾಯಿಗಳ ವಾಸನೆಯ ನಡುವೆ ಇನ್ನೂ ಹೊಸದು. ಅಲ್ಲದೆ ಕಂಗಾಲಾದ ನಾಯಿ ಕಣ್ಣು ತಪ್ಪಿಸಿ ನೆಲ ಮೂಸುತ್ತದೆ. ನೋಡುವವರಿಗೆ ಅದು ಉದಾಸೀನದಂತೆ ಕಾಣುತ್ತದೆ, ಒಳಗಿರುವುದು ತಳಮಳ. ಇದರ ಜತೆ ಇನ್ನೊಂದು ಸಂಗತಿ: ನಿಮ್ಮ ಸೊಂಟದ ಚೀಲದಲ್ಲಿ ಯಾವಾಗಲೂ ಇರುವ ಟ್ರೀಟ್ ಅವತ್ತು ಇರಲಿಲ್ಲ. ರಿಂಗ್ ಒಳಗೆ ತಿಂಡಿಗೆ, ಆಟಿಕೆಗೆ ಅವಕಾಶವಿಲ್ಲ. ತಿಂಡಿ ಕೊಟ್ಟು ಕಲಿಸಿದರೆ ನಾಯಿ ಆಸೆಬುರುಕ ಆಗುತ್ತದೆ ಎನ್ನುವವರು ಇದನ್ನೇ ಎತ್ತಿ ತೋರಿಸುತ್ತಾರೆ. ತಿಂಡಿಯದ್ದು ತಪ್ಪಲ್ಲ. ಅದು ಮೈಮೇಲೆ ಇಲ್ಲದಿದ್ದರೂ ಆಮೇಲೆ ಸಿಕ್ಕೇ ಸಿಗುತ್ತದೆ ಎಂಬುದನ್ನು ಕಲಿಸಿರಲಿಲ್ಲ, ಅಷ್ಟೆ. ಡಬ್ಬಿಯನ್ನು ಪಾರ್ಕಿನ ಬೆಂಚಿನ ಮೇಲಿಟ್ಟು, ಎರಡು ಜಂಪ್ ಹಾರಿಸಿ, ಇಬ್ಬರೂ ಡಬ್ಬಿಯ ಕಡೆ ಓಡಿ. ಆಮೇಲೆ ಮೂರು ಜಂಪ್, ಐದು ಜಂಪ್. ಜಾಗ ಬದಲಿಸುತ್ತಾ ಇರಿ. ಬೆಲ್ಟ್ ಬಿಚ್ಚಿ ಓಡಿಸುವುದನ್ನು ಸುತ್ತ ಬೇಲಿ ಇರುವ ಕಡೆ ಮಾತ್ರ ಮಾಡಿ.

ಆ ಓಟದಲ್ಲಿ ನಿಮ್ಮದೂ ಒಂದು ಪಾಲಿದೆ, ಹೇಳಿದರೆ ಬೇಸರಪಡುವುದಿಲ್ಲ ಎಂದುಕೊಂಡಿದ್ದೇನೆ. ನಾಯಿ ಓಡುವಾಗ ನಿಮ್ಮ ಮಾತಿಗಿಂತ ನಿಮ್ಮ ಪಾದ ಮತ್ತು ಭುಜ ಎತ್ತ ತಿರುಗಿವೆ ಎಂಬುದನ್ನು ಹೆಚ್ಚು ನಂಬುತ್ತದೆ. ಮೂರನೇ ಜಂಪ್ ಆದಮೇಲೆ ಬಾಯಲ್ಲಿ ‘ಟನಲ್, ಟನಲ್’ ಎನ್ನುತ್ತಿದ್ದೀರಿ. ಪಾದ ಮಾತ್ರ ಜಡ್ಜ್ ನಿಂತ ಕಡೆ ತಿರುಗಿ ನಿಂತಿದೆ. ಚುಕ್ಕಿ ಪಾದ ತೋರಿಸಿದ ಕಡೆ ಹೋದಳು, ಅಲ್ಲಿ ಏನೂ ಇರಲಿಲ್ಲ, ಮೂಸಲು ಶುರುಮಾಡಿದಳು. ಮನೆಯಲ್ಲಿ ಚುಕ್ಕಿಯನ್ನು ಬಿಟ್ಟು ನೀವೊಬ್ಬರೇ ಕೋರ್ಸ್ ಓಡಿ ಅಭ್ಯಾಸ ಮಾಡಿ. ದೊಡ್ಡ ಸ್ಪರ್ಧೆಗಳಲ್ಲಿ ನಾಯಿ ಓಡಿಸುವ ಹ್ಯಾಂಡ್ಲರ್‌ಗಳೂ ಓಟಕ್ಕೆ ಮುಂಚೆ ಖಾಲಿ ಕೋರ್ಸ್‌ನಲ್ಲಿ ಕೈ ಬೀಸುತ್ತಾ ನಡೆಯುವುದು ಇದಕ್ಕೇ.

ತಳಿಯ ಮಾತಿಗೆ ಬರೋಣ. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ, ಎರಡು ಕಾರ್ಯಕ್ರಮಗಳ ನಡುವಿನ ಬಿಡುವಿನಲ್ಲಿ ಜನರನ್ನು ರಂಜಿಸಲು ಕುದುರೆ ಜಂಪಿಂಗ್ ನೋಡಿ ರೂಪಿಸಿದ ಆಟ ಇದು. ಬಾರ್ಡರ್ ಕೋಲಿಗಳು ಮುಂದಿರುವುದು ನಿಜ. ಕುರಿ ಕಾಯುವವನ ಸನ್ನೆ ನೋಡಿ ಓಡಲೆಂದೇ ಬೆಳೆಸಿದ ತಳಿ ಅದು. ಆದರೆ ವಿಭಾಗ ಮಾಡುವುದು ಎತ್ತರದ ಮೇಲೆ, ತಳಿಯ ಮೇಲಲ್ಲ. ಎಫ್‌ಸಿಐ ವಿಶ್ವ ಚಾಂಪಿಯನ್‌ಷಿಪ್‌ಗೆ ವಂಶಾವಳಿ ಇರುವ ನಾಯಿಯೇ ಬೇಕು ಎಂಬುದು ಹೌದು. ಅಮೆರಿಕದ ಕೆನೆಲ್ ಕ್ಲಬ್ 2010ರಿಂದ ಮಿಶ್ರ ತಳಿಗಳನ್ನೂ ಅಜಿಲಿಟಿಗೆ ಸೇರಿಸಿಕೊಳ್ಳುತ್ತಿದೆ, 2011ರಲ್ಲಿ ಶುರುವಾದ ವರ್ಲ್ಡ್ ಅಜಿಲಿಟಿ ಓಪನ್ ಎಲ್ಲ ನಾಯಿಗಳಿಗೂ ತೆರೆದಿದೆ. ನಮ್ಮಲ್ಲಿ ಆಯೋಜಕರಿಂದ ಆಯೋಜಕರಿಗೆ ನಿಯಮ ಬೇರೆ, ಹಣ ಕಟ್ಟುವ ಮುಂಚೆ ಕೇಳಿಕೊಳ್ಳಿ.

ನಾಟಿ ನಾಯಿಯ ಮೈಕಟ್ಟು ಈ ಆಟಕ್ಕೆ ಹೇಳಿಮಾಡಿಸಿದಂತಿದೆ. ಹಗುರ, ಉದ್ದ ಕಾಲು, ನಮ್ಮ ಬಿಸಿಲಿಗೆ ಒಗ್ಗಿದ ಚರ್ಮ, ತಳಿ ಶುದ್ಧಿಯ ಹೆಸರಿನಲ್ಲಿ ಸೇರಿಕೊಂಡ ಸೊಂಟದ ಕಾಯಿಲೆಗಳ ಹೊರೆ ಕಡಿಮೆ. ಸ್ವಭಾವದಲ್ಲಿ ಮಾತ್ರ ಎಚ್ಚರಿಕೆ ಜಾಸ್ತಿ. ಬೀದಿಯಲ್ಲಿ ಬದುಕಿ ಉಳಿದ ತಲೆಮಾರುಗಳಿಂದ ಬಂದ ಗುಣ ಅದು. ಹೊಸದನ್ನು ಮೊದಲು ದೂರದಿಂದ ನೋಡುತ್ತದೆ, ಒಮ್ಮೆ ಬೆದರಿದರೆ ಬೇಗ ಮರೆಯುವುದಿಲ್ಲ. ಮುಧೋಳ ನಾಯಿಯಲ್ಲೂ ಇದರ ಛಾಯೆ ಇದೆ. ಓಟದಲ್ಲಿ ಅದಕ್ಕೆ ಸಾಟಿಯಿಲ್ಲ, ಒರಟುತನ ಮಾತ್ರ ಸಹಿಸುವುದಿಲ್ಲ. ಬಾರ್ಡರ್ ಕೋಲಿ ತಂದರೆ ಭಯ ಬರುವುದಿಲ್ಲ ಎಂಬ ಖಾತರಿಯೂ ಇಲ್ಲ. ಸದ್ದಿಗೆ ಬೆದರುವುದು ಆ ತಳಿಯಲ್ಲಿ ಕಡಿಮೆಯೇನಲ್ಲ. ದಿನಕ್ಕೆ ಗಂಟೆಗಟ್ಟಲೆ ಕೆಲಸ ಬೇಡುವ ಆ ನಾಯಿಯನ್ನು ಟೆರೇಸ್ ಮನೆಯಲ್ಲಿ ಸಾಕುವುದು ಬೇರೆಯೇ ಕಥೆ.

ಹಾಗಾದರೆ ಎರಡು ತಿಂಗಳ ನಂತರದ ಸ್ಪರ್ಧೆ? ವೈದ್ಯರು ಉಳುಕೋ ಲಿಗಮೆಂಟೋ ಎಂದರೆ ಈ ಸಲ ಬಿಡಿ, ಬೇರೆ ದಾರಿಯಿಲ್ಲ. ಉಳುಕು ವಾಸಿಯಾಗುವ ಮುಂಚೆ ಓಡಿಸಿದರೆ ಅದೇ ಜಾಗ ಮತ್ತೆ ಮತ್ತೆ ಹರಿಯುತ್ತದೆ, ಕೊನೆಗೆ ಆಟವೇ ನಿಲ್ಲಬೇಕಾಗುತ್ತದೆ.

ಮೈ ಸರಿಯಿದೆ ಎಂದರೆ ನನ್ನ ಆಯ್ಕೆ ಜಂಪಿಂಗ್ ವಿಭಾಗ. ಅದರಲ್ಲಿ ಸೀಸಾ, ಡಾಗ್‌ವಾಕ್, ಎ-ಫ್ರೇಮ್ (ಇಂಗ್ಲಿಷ್ ‘ಎ’ ಆಕಾರದಲ್ಲಿ ಹತ್ತಿ ಇಳಿಯುವ ಹಲಗೆಗಳು) ಮೂರೂ ಇರುವುದಿಲ್ಲ. ಜಂಪ್, ಟನಲ್, ವೀವ್ ಪೋಲ್ಸ್ ಮಾತ್ರ. ನಿಮ್ಮ ಆಯೋಜಕರು ಆ ವಿಭಾಗ ಇಟ್ಟಿದ್ದಾರೆಯೇ, ಬಾರ್ 50 ಸೆಂ.ಮೀ. ದಾಟದಂತೆ ಇಡುತ್ತಾರೆಯೇ ವಿಚಾರಿಸಿ. ಇಲ್ಲ ಎಂದರೆ ಹೆಸರು ಕೊಡದೆ ಸ್ಪರ್ಧೆಗೆ ಹೋಗಿ ಬನ್ನಿ. ರಿಂಗ್‌ನಿಂದ ದೂರ, ಚುಕ್ಕಿ ನಿರಾಳವಾಗಿ ತಿಂಡಿ ತಿನ್ನುವಷ್ಟು ದೂರದಲ್ಲಿ ಕೂತು, ಅರ್ಧ ಗಂಟೆ ನೋಡಿಕೊಂಡು ಬಂದರೆ ಅದೂ ಒಂದು ಪಾಠ. ಪೂರ್ತಿ ಕೋರ್ಸ್‌ಗೆ ಹೆಸರು ಕೊಟ್ಟು ‘ಅವತ್ತು ಹತ್ತಿದರೂ ಹತ್ತಬಹುದು’ ಎಂದು ಕಾಯುವುದು ಬೇಡ. ಮೂರು ಸಲ ನಿರಾಕರಿಸಿದರೆ ಹೇಗೂ ಹೊರಗೆ. ಹತ್ತಿ ನಡುವಿನಿಂದ ಹಾರಿದರೆ ಇಷ್ಟು ದಿನ ಪಟ್ಟ ಶ್ರಮವೂ ಹೋಗುತ್ತದೆ, ಅದೇ ಕಾಲಿಗೆ ಮತ್ತೆ ಏಟು.

ನಾಯಿಯನ್ನು ತಿಂಗಳು ಬಿಟ್ಟುಹೋಗಿ, ರೆಡಿ ಮಾಡಿ ಕೊಡುತ್ತೇವೆ ಎನ್ನುವವರೂ ನಿಮಗೆ ಸಿಗುತ್ತಾರೆ. ಸೀಸಾ ಭಯಕ್ಕೆ ಈ ದಾರಿಯನ್ನು ನಾನು ಒಪ್ಪುವುದಿಲ್ಲ. ಬಾಗಿಲ ಹಿಂದೆ ಏನು ನಡೆಯುತ್ತದೆ ಎಂದು ನಿಮಗೆ ಕಾಣುವುದಿಲ್ಲ, ಕಲಿತರೂ ಕಲಿಯುವುದು ಅವರ ಜತೆ ಓಡಲು.

ಬೇಸಿಗೆಯ ಬಗ್ಗೆ ಚುಟುಕಾಗಿ: ಅಭ್ಯಾಸ ಬೆಳಿಗ್ಗೆ ಎಂಟರೊಳಗೆ. ಆಟದ ಹುರುಪಿನಲ್ಲಿರುವ ನಾಯಿ ತಾನಾಗಿ ನಿಲ್ಲುವುದಿಲ್ಲ. ನಾಲಿಗೆ ಅಗಲವಾಗಿ ಚಾಚಿ, ಒಸಡು ಕೆಂಪಾಗಿ, ಹೆಜ್ಜೆ ತೊಡರಿದರೆ ಆ ಕ್ಷಣವೇ ನೆರಳಿಗೆ ತಂದು ಮೈಗೆಲ್ಲ ತಣ್ಣೀರು ಸುರಿದು ಗಾಳಿ ಹಾಕಿ, ಆಮೇಲೆ ಆಸ್ಪತ್ರೆಗೆ ಹೊರಡಿ. ದೇಹದ ಉಷ್ಣತೆ 41 ಡಿಗ್ರಿ ಸೆಲ್ಸಿಯಸ್ ದಾಟಿದರೆ ಜೀವಕ್ಕೆ ಅಪಾಯ. ಒದ್ದೆ ಟವೆಲ್ ಹೊದಿಸಿ ಹಾಗೇ ಬಿಡಬೇಡಿ, ಅದು ಶಾಖವನ್ನು ಒಳಗೇ ಹಿಡಿದಿಡುತ್ತದೆ.

ಟ್ರೇನರ್ ಜತೆ ಜಗಳ ಮಾಡುವ ಅಗತ್ಯವಿಲ್ಲ. ವೈದ್ಯರ ವರದಿ ಬರುವವರೆಗೆ ಹಲಗೆ, ಜಂಪ್ ಎರಡೂ ಬೇಡ ಎಂದು ಹೇಳಿ. ಬಂದ ಮೇಲೆ ಮೇಲೆ ಬರೆದ ಹಂತಗಳನ್ನು ತೋರಿಸಿ, ಹೀಗೆ ಮಾಡೋಣವೇ ಎಂದು ಕೇಳಿ. ಅನುಭವ ಇರುವವರು, ಒಪ್ಪಿದರೆ ನಿಮಗೂ ಅನುಕೂಲ. ಇಲ್ಲ, ಎಳೆದೇ ತೀರುತ್ತೇನೆ ಎಂದರೆ ಚೈನ್ ಅವರ ಕೈಗೆ ಕೊಡಬೇಡಿ. ಆ ಮೈದಾನ ಬಿಟ್ಟು ಬೇರೆ ಕಡೆ ಸೇರಿಸಿ, ಇಲ್ಲವೇ ಪ್ಲೈವುಡ್ ತುಂಡಿನಿಂದ ಮನೆಯಲ್ಲೇ ಶುರುಮಾಡಿ. ವೈದ್ಯರು ನೋಡಿದ ಮೇಲೆ ಏನು ಹೇಳಿದರು ಎಂಬುದನ್ನು ತಪ್ಪದೆ ಬರೆಯಿರಿ. ಬಲಗಾಲಿನ ಎಕ್ಸ್‌ರೇ ತೆಗೆದಿದ್ದರೆ ಅದನ್ನೂ, ಚುಕ್ಕಿ ಹುಲ್ಲಿನ ಮೇಲೆ ನಡೆಯುವ ಒಂದು ವಿಡಿಯೊವನ್ನು ಪಕ್ಕದಿಂದಲೂ ಹಿಂದಿನಿಂದಲೂ ತೆಗೆದು ಕಳಿಸಿ.